ಮನೆಯ ಫೋನ್ ಎತ್ತದ ಸಂಜೆ

ನನ್ನ ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಆಕೆಯ ಕೊನೆಯ ದಿನಗಳನ್ನು ಬರೆಯಬೇಕೆಂದು ಕೂತರೆ ಕೈ ಓಡುವುದಿಲ್ಲ. ಅದರ ಬದಲು ಬಹಳ ಹಿಂದಿನ ಒಂದು ಸಂಜೆ ನೆನಪಿಗೆ ಬರುತ್ತದೆ. ಆ ಸಂಜೆ ನಾನು ಹೆದರಿದಷ್ಟು, ಆಕೆ ನಿಜವಾಗಿ ಹೋದ ದಿನವೂ ಹೆದರಲಿಲ್ಲ. ಈ ಸಲ ಡಾಕ್ಟರು ಮೊದಲೇ ಹೇಳಿದ್ದರು. ಆಗ ಏನಾಯಿತೆಂದು ಹೇಳುವವರು ಯಾರೂ ಇರಲಿಲ್ಲ. ಫೋನು ಮಾತ್ರ ಹೊಡೆದುಕೊಳ್ಳುತ್ತಿತ್ತು.

ಆಗ ನಾವು ಹಗರಿಬೊಮ್ಮನಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು ಹತ್ತನೆಯ ತನಕ ಓದಿ, ಊರಿನ ಕೇಬಲ್ ಟಿವಿಯಲ್ಲಿ ಲೈನಿನ ಕೆಲಸ ಮಾಡುತ್ತಿದ್ದೆ. ಕಂಬ ಹತ್ತುವುದು, ಮಾಳಿಗೆಯಿಂದ ಮಾಳಿಗೆಗೆ ವೈರು ಎಳೆಯುವುದು, ತುಕ್ಕು ಹಿಡಿದ ಜಾಕನ್ನು ಹಳೆಯ ಬ್ಲೇಡಿನಿಂದ ಕೆರೆದು ಮತ್ತೆ ಹಾಕುವುದು. ಮಾಲೀಕರು ಮೊದಲು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಊರೆಲ್ಲ ಅವರನ್ನು ಭಾಯ್ ಎಂದೇ ಕರೆಯುತ್ತಿತ್ತು.

ಕೇಬಲ್ಲಿನ ಕಂಪ್ಲೇಂಟ್ ಫೋನನ್ನು ಭಾಯ್ ನಮ್ಮ ಮನೆಯಲ್ಲೇ ಹಾಕಿಸಿದ್ದರು. ನನ್ನ ಹೆಂಡತಿ ಆಗ ಏಳು ತಿಂಗಳ ಬಸುರಿ. ಅದಕ್ಕೂ ಮೊದಲು ಎರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವು. ಹಾಸಿಗೆ ಬಿಟ್ಟು ಏಳಬಾರದು, ಈ ಸಲ ಹೆಚ್ಚುಕಡಿಮೆಯಾದರೆ ತಾಯಿ ಉಳಿಯುವುದೂ ಕಷ್ಟ ಎಂದು ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಹೇಳಿದ್ದರು. ಆ ಮಾತನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆಕೆ ಎಡಕ್ಕೆ ಮಗ್ಗುಲಾಗಿ ಮಲಗಿ, ದಿಂಬಿನ ಪಕ್ಕದ ಸ್ಟೂಲಿನ ಮೇಲಿದ್ದ ಫೋನನ್ನು ಕೈ ಚಾಚಿ ಎತ್ತುತ್ತಿದ್ದಳು.

"ಪೂರ್ತಿ ಹೋಗೈತೇನ್ರಿ, ಬರೀ ಮಳಿ ಸುರದಂಗ ಕಾಣತೈತೇನ್ರಿ? ಹಂಗಾರ ವೈರ್ ಹರದೈತಿ. ಇಲ್ಲಂದ್ರ ಗೆರಿ ಬಿದ್ದಾವೇನ್ರಿ? ಗೆರಿ ಇದ್ರ ಟಿವಿ ಹಿಂದಿನ ಜಾಕ್ ಒಂದೀಟು ಒತ್ರಿ."

ಹೀಗೆ ಮಲಗಿದಲ್ಲೇ ಅರ್ಧ ಕಂಪ್ಲೇಂಟು ತೀರಿಸುತ್ತಿದ್ದಳು. ಕಾನಹೊಸಹಳ್ಳಿಯಲ್ಲಿ ಹೈವೇ ಬದಿಯ ಹೋಟೆಲಿನವರ ಮಗಳು, ಯಾರ ಹತ್ತಿರ ಹೇಗೆ ಮಾತಾಡಬೇಕು ಅನ್ನುವುದು ಆಕೆಗೆ ಗೊತ್ತಿತ್ತು. ಬೈಯುವವರನ್ನೂ ನಗಿಸಿ ಫೋನ್ ಇಡುತ್ತಿದ್ದಳು.

ನಾವು ಕ್ರೈಸ್ತರು, ನಮ್ಮದು ಸಣ್ಣ ಸಭೆ. ವರ್ಷಕ್ಕೊಮ್ಮೆ ಮೂರು ಸಂಜೆ ಪ್ರಾರ್ಥನೆಯ ಕೂಟ ನಡೆಯುತ್ತಿತ್ತು. ಚರ್ಚಿನ ಅಂಗಳದಲ್ಲಿ ಶಾಮಿಯಾನ ಹಾಕಿ, ಬೋಧನೆ ಮಾಡಲು ಹೊರಗಿನಿಂದ ಪ್ರಸಂಗಿಗಳನ್ನು ಕರೆಸುತ್ತಿದ್ದರು. ಆ ವರ್ಷ ಕೂಟವನ್ನು ಕೇಬಲ್ಲಿನಲ್ಲಿ ನೇರವಾಗಿ ಬಿಡೋಣವೆಂದು ಸಭಾಪಾಲಕರಿಗೆ ಹೇಳಿದವನು ನಾನೇ. ಎದ್ದು ಬರಲಾಗದ ಮುದುಕರು, ರೋಗಿಗಳು ನೋಡಲಿ ಎಂದೆ. ನನ್ನ ಮನಸ್ಸಿನಲ್ಲಿದ್ದವಳು ನನ್ನ ಹೆಂಡತಿ. ಭಾಯ್ ಒಪ್ಪಿದರು.

"ಮಧ್ಯಾಹ್ನ ಸಿನಿಮಾ ಹಾಕೋ ಚಾನೆಲ್‌ನಾಗ ಸಂಜಿಕಿ ನಿಮ್ದು ಹಾಕೋಣ. ಆದ್ರ ತಮ್ಮಾ, ಫೈಟಿಂಗ್ ಇಲ್ಲದ್ದಕ್ಕ ಮಂದಿ ನನಗ ಬೈದ್ರ ನಿಮ್ ಪಾಸ್ಟರ್ ಕಡಿ ಕಳಸ್ತೀನಿ ನೋಡು."

ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋದಿಂದ ಹೆಗಲ ಮೇಲಿಡುವ ಕ್ಯಾಮೆರಾ ತಂದೆವು. ಚರ್ಚಿನಿಂದ ಭಾಯ್ ಅಂಗಡಿಯ ಮಹಡಿಗೆ ಮಾಳಿಗೆಗಳ ಮೇಲೆ ಒಂದು ವೈರು ಎಳೆದೆವು. ಅಲ್ಲಿಂದ ಚಿತ್ರ ಊರಿಗೆ ಹೋಗಬೇಕು. ಮೊದಲ ಸಂಜೆ ದನಿ ಬಂದರೆ ಚಿತ್ರವಿಲ್ಲ, ಚಿತ್ರ ಬಂದರೆ ದನಿಯಿಲ್ಲ. ಮೈಕಿನ ವೈರು ಕರೆಂಟಿನ ವೈರಿಗೆ ತಾಗಿ, ಕೀರ್ತನೆಯ ತುಂಬ ಒಂದೇ ಸಮ ಗುಂಯ್ ಎನ್ನುವ ಸದ್ದು ಸೇರಿತ್ತು. ಎರಡನೆಯ ಸಂಜೆಗೆ ಅವೆಲ್ಲ ಸರಿಯಾದವು.

ವೈರು ದೂರ ಹೋದಷ್ಟೂ ಚಿತ್ರ ಸೊರಗುತ್ತದೆ. ಅದಕ್ಕೆ ಮತ್ತೆ ಬಲ ಕೊಡಲು ಅಲ್ಲಲ್ಲಿ ಬೂಸ್ಟರ್ ಎಂಬ ಪೆಟ್ಟಿಗೆ ಇರುತ್ತಿತ್ತು. ಪೆಟ್ಟಿಗೆಗೆ ಕರೆಂಟು ಬೇಕು. ಯಾರದೋ ಮನೆಯ ಗೋಡೆಗೆ ಅದನ್ನು ಹೊಡೆದು, ಅವರ ಮನೆಯ ಕರೆಂಟಿನಿಂದಲೇ ನಡೆಸುತ್ತಿದ್ದೆವು. ಅದಕ್ಕೆ ಪ್ರತಿಯಾಗಿ ಅವರಿಗೆ ಕೇಬಲ್ ಪುಕ್ಕಟೆ. ಅವರು ಪಾಲಿಸಬೇಕಾದ ಷರತ್ತು ಒಂದೇ, ಮೇನ್ ಆಫ್ ಮಾಡಬಾರದು. ಮಾಡಿದರೆ ಆ ಓಣಿಗೂ ಅದರ ಮುಂದಿನ ಓಣಿಗಳಿಗೂ ಚಿತ್ರ ನಿಲ್ಲುತ್ತದೆ.

ನಮ್ಮ ಓಣಿಯ ಪೆಟ್ಟಿಗೆ ಇದ್ದದ್ದು ಪಕ್ಕದ ಮನೆಯ ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾದ ಗೋಡೆಯ ಮೇಲೆ. ಅದು ಲಿಂಗಾಯತರ ಮನೆ. ಮನೆಯ ಅಜ್ಜಿ ಮಗನೊಂದಿಗಿದ್ದಳು. ಮಗನ ಹೆಂಡತಿ ತವರಿಗೆ ಹೋಗಿದ್ದಳು, ಮಗ ಸಂಜೆ ಪೇಟೆಯ ಕಿರಾಣಿ ಅಂಗಡಿಯಲ್ಲಿರುತ್ತಿದ್ದ. ನನ್ನ ಹೆಂಡತಿ ಹಾಸಿಗೆ ಹಿಡಿದ ಮೇಲೆ ಅಜ್ಜಿ ದಿನಾ ಮಧ್ಯಾಹ್ನ ಬಂದು ಆಕೆಯ ತಲೆ ಬಾಚಿ, ಬಿಸಿ ಗಂಜಿ ಕುಡಿಸಿ ಹೋಗುತ್ತಿದ್ದಳು. ಎರಡೂ ಮನೆಗೆ ನಡುವೆ ಒಂದೇ ಗೋಡೆ, ಮುಂದೆ ಒಂದೇ ಕಟ್ಟೆ. ಗೋಡೆಯ ಮೇಲುಗಡೆ ಬೆಳಕಿಂಡಿ ಇದ್ದುದರಿಂದ ಇಬ್ಬರೂ ತಮ್ಮ ತಮ್ಮ ಮನೆಯಿಂದಲೇ ಮಾತಾಡುತ್ತಿದ್ದರು. ಮೊದಲ ಎರಡು ಸಂಜೆ ಅಜ್ಜಿ ಕೂಡ ನಮ್ಮ ಕೂಟ ನೋಡಿದಳಂತೆ.

"ನೋಡಾಕತ್ತೀಯೇನಬೇ?"

"ನೋಡಾಕತ್ತೀನಿ ಅಜ್ಜಿ."

"ನಿನ್ ಗಂಡ ಬರೀ ಗಂಡಸರ ಮುಖನ ತೋರಸಾಕತ್ಯಾನ. ಹೆಣ್ಮಕ್ಳ ಕಡಿ ಒಂದೀಟು ತಿರುವು ಅಂತ ಹೇಳು, ಯಾರ್ ಯಾವ ಸೀರಿ ಉಟ್ಟಾರ ನೋಡೂಣು."

ನನ್ನ ಹೆಂಡತಿ ಇದನ್ನು ಹೇಳಿ ನಕ್ಕಿದ್ದಳು. ಮೂರನೆಯ ಸಂಜೆ ನಾನು ಹೆಂಗಸರ ಕಡೆಯೂ ಕ್ಯಾಮೆರಾ ತಿರುಗಿಸಿದೆ. ಅಲ್ಲಿ ಮುಂದಿನ ಸಾಲಿನಲ್ಲಿ ನನ್ನ ತಾಯಿ ಕೂತಿದ್ದಳು. ಸೊಸೆಯನ್ನು ಬಿಟ್ಟು ಬರಲು ಆಕೆಗೆ ಮನಸ್ಸಿರಲಿಲ್ಲ. "ಕೊನೀ ದಿನ ಐತಿ ಹೋಗ್ರಿ ಅತ್ತಿ, ಅಜ್ಜಿ ಅದಾಳ, ಫೋನ್ ಐತಿ" ಎಂದು ಇವಳೇ ಬಲವಂತ ಮಾಡಿ ಕಳಿಸಿದ್ದಳು.

ಆ ಸಂಜೆಯ ಪ್ರಸಂಗಿಗಳು ಆಂಧ್ರದ ಕಡೆಯವರು. ಅವರು ಒಂದು ಮಾತು ತೆಲುಗಿನಲ್ಲಿ ಹೇಳಿದರೆ ಪಕ್ಕದಲ್ಲಿ ನಿಂತವರು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಪ್ರಸಂಗ ಅರ್ಧಕ್ಕೆ ಬಂದಿತ್ತು. ನಮ್ಮ ಓಣಿಯ ಆಚೆಗಿರುವ ಕೊನೆಯ ಓಣಿಯಿಂದ ಸಭೆಯ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದು ನನ್ನ ತೋಳು ಜಗ್ಗಿದಳು.

"ಅಣ್ಣಾ, ನಮ್ ಕಡಿ ಚಿತ್ರ ಹೋಗಿ ಎಷ್ಟೊತ್ತಾತು. ನಮ್ಮವ್ವ ಬರೀ ಟಿವಿ ಗಾಜು ನೋಡಕೋಂತ ಕುಂತಾಳ. ನಿಮ್ ಮನಿಗೆ ಫೋನ್ ಹಚ್ಚಿದ್ರ ಯಾರೂ ಎತ್ತವಲ್ರು."

"ಕರೆಂಟ್ ಹೋಗಿರಬೇಕು."

"ಕರೆಂಟ್ ಐತಿ."

ನನ್ನ ಎದುರಿನ ಸಣ್ಣ ಟಿವಿಯಲ್ಲಿ ಚಿತ್ರ ಚೆನ್ನಾಗಿಯೇ ಇತ್ತು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಬಿಗಿದು, ಅಲುಗಾಡಿಸಬೇಡ ಎಂದು ಆಕೆಯನ್ನೇ ಕಾವಲು ನಿಲ್ಲಿಸಿ, ಎದುರಿನ ಎಸ್‌ಟಿಡಿ ಬೂತಿಗೆ ಹೋದೆ. ಮೊದಲು ಭಾಯ್‌ಗೆ ಮಾಡಿದೆ. ಅಂಗಡಿಯಲ್ಲೂ ಚಿತ್ರ ಸರಿಯಾಗಿದೆ ಎಂದರು. ಆಮೇಲೆ ಮನೆಗೆ ಮಾಡಿದೆ.

ಫೋನು ಹೊಡೆದುಕೊಂಡಿತು. ಆಕೆ ಎರಡು ರಿಂಗಿಗೆ ಎತ್ತುವವಳು. ಕೈಗೆ ಎಟುಕುವಲ್ಲೇ ಇದೆಯಲ್ಲ. ರಿಂಗು ತಾನಾಗಿಯೇ ನಿಂತಿತು. ಮತ್ತೆ ಮಾಡಿದೆ. ಬಚ್ಚಲಿಗೆ ಎದ್ದಿರಬಹುದು ಎಂದುಕೊಂಡೆ. ಹಾಗೆ ಎಂದುಕೊಂಡ ಕೂಡಲೇ ಬಚ್ಚಲಿನ ಕಲ್ಲಿನ ಮೇಲೆ ಆಕೆ ಬಿದ್ದಿರುವುದು ಕಣ್ಣಿಗೆ ಬಂತು. ಮೂರನೆಯ ಸಲ ಮಾಡುವಾಗ ಬೆರಳು ತಪ್ಪು ನಂಬರು ಒತ್ತಿತು. ಬೂತಿನವನು, "ಯಾರಿಗರ ಆರಾಮಿಲ್ಲೇನಣ್ಣ?" ಎಂದು ಕೇಳಿದ. ನಾನು ಸೈಕಲ್ ಹತ್ತಿದೆ.

ಲೈನು ಹೋಗುವ ದಾರಿಯೇ ಮನೆಯ ದಾರಿ. ಸೆಕೆಗೆ ಎಲ್ಲರೂ ಕಿಟಕಿ ಬಾಗಿಲು ತೆರೆದಿದ್ದರು. ಒಂದು ಮನೆಯಿಂದ ಪ್ರಸಂಗಿಗಳ ತೆಲುಗು ಕೇಳಿಸಿದರೆ, ಅದರ ಕನ್ನಡ ಮುಂದಿನ ಮನೆಯ ಹತ್ತಿರ ಕೇಳಿಸುತ್ತಿತ್ತು. ಅವರು ತಮ್ಮ ತಾಯಿಯ ಕಥೆ ಹೇಳುತ್ತಿದ್ದರು. ತಾಯಿ ಬಾವಿಯಲ್ಲಿ ನೀರು ಸೇದುತ್ತಿದ್ದಾಳೆ, ಹಗ್ಗದ ಎಳೆ ಒಂದೊಂದಾಗಿ ಬಿಚ್ಚುತ್ತಿದೆ, ಆಕೆಗೆ ಅದು ಕಾಣುತ್ತಿಲ್ಲ. ಹಿಟ್ಟಿನ ಗಿರಣಿಯ ಹತ್ತಿರ ಇದೆಲ್ಲ ಸ್ಪಷ್ಟವಾಗಿ ಕೇಳಿಸಿತು. ಅಂದರೆ ಅಲ್ಲಿಯ ತನಕ ಲೈನು ಸರಿಯಿದೆ. ದರ್ಜಿಯ ಮನೆಯಲ್ಲೂ ಇತ್ತು. ಪ್ರತಿ ಕಿಟಕಿಯನ್ನು ದಾಟಿದಾಗಲೂ ಇನ್ನು ಮುಂದಿನ ಮನೆಯಲ್ಲೂ ಇರಲಿ, ಅದರ ಮುಂದಿನದರಲ್ಲೂ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಯಾಕೆ ಹಾಗೆ ಬೇಡಿಕೊಂಡೆನೋ ಗೊತ್ತಿಲ್ಲ. ಆ ದನಿ ನಮ್ಮ ಮನೆಯ ತನಕ ಮುಟ್ಟಿದ್ದರೆ ಆಕೆ ಚೆನ್ನಾಗಿರುತ್ತಾಳೆ ಅನ್ನಿಸುತ್ತಿತ್ತು.

ನಮ್ಮ ಓಣಿಗೆ ತಿರುಗಿದ ಕೂಡಲೇ ದನಿ ನಿಂತಿತು. ಬೀದಿ ದೀಪಗಳು ಉರಿಯುತ್ತಿದ್ದವು, ಮನೆಗಳಲ್ಲಿ ಬೆಳಕಿತ್ತು, ಟಿವಿಯ ಸದ್ದು ಮಾತ್ರ ಯಾವ ಮನೆಯಲ್ಲೂ ಇಲ್ಲ. ಆ ಸದ್ದಿಲ್ಲದ ಓಣಿಯ ಆ ತುದಿಯಿಂದ ಹೆಂಗಸರು ಅಳುವುದು ಕೇಳಿಸಿತು.

ಸಾವಿನ ಅಳು ಯಾವುದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸೈಕಲ್ ಇಳಿದು, ಅದನ್ನೇ ಊರಿಕೊಂಡು ನಡೆದೆ. ನಮ್ಮ ಕಟ್ಟೆಯ ಮುಂದೆ ಜನ ನಿಂತಿದ್ದರು. ಒಂದೇ ಕಟ್ಟೆಯಾದ್ದರಿಂದ ಅವರು ಯಾವ ಮನೆಯ ಮುಂದೆ ನಿಂತಿದ್ದಾರೆಂದು ದೂರದಿಂದ ತಿಳಿಯಲಿಲ್ಲ. ಹತ್ತಿರ ಹೋಗುವ ತನಕ ಆಕೆ ಬದುಕಿದ್ದಾಳೆ, ಹೋದ ಮೇಲೆ ಇಲ್ಲ ಎಂಬಂತೆ ನಾನು ನಿಧಾನವಾಗಿ ನಡೆದೆ. ಜನರ ಮುಖ ನೋಡಲಿಲ್ಲ. ಅವರು ದಾರಿ ಬಿಟ್ಟರು. ದಾರಿ ಬಿಟ್ಟಿದ್ದಕ್ಕೇ ನನಗೆ ಇನ್ನಷ್ಟು ಹೆದರಿಕೆಯಾಯಿತು.

ನಮ್ಮ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ತೆಗೆದು ಒಳಗೆ ಹೋದೆ. ದೀಪ ಉರಿಯುತ್ತಿತ್ತು. ಹಾಸಿಗೆ ಖಾಲಿ. ಹೊದಿಕೆ ಅರ್ಧ ನೆಲಕ್ಕೆ ಬಿದ್ದಿತ್ತು. ಬಚ್ಚಲಲ್ಲಿ ನೋಡಿದೆ, ಅಡುಗೆಮನೆಯಲ್ಲಿ ನೋಡಿದೆ. ಎಲ್ಲೂ ಇಲ್ಲ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಭಾಯ್.

"ಯಾಕ ತಮ್ಮಾ, ತಂಗಿ ಫೋನ್ ಯಾಕ ಎತ್ತವಲ್ಲಳು?"

"ಆಕಿ ಮನ್ಯಾಗ ಇಲ್ಲ ಭಾಯ್."

"ಆಕಿ ಎಲ್ಲಿಗೆ ಹೋಗತಾಳೋ, ಏಳಬಾರದಲ್ಲ?"

"ಗೊತ್ತಿಲ್ಲ. ಇಲ್ಲಿ ಮಂದಿ ಅಳಾಕತ್ಯಾರ."

ಅವರು ಕೂಡಲೇ ಫೋನ್ ಇಟ್ಟರು. ಬಾಗಿಲಲ್ಲಿ ಎದುರು ಮನೆಯ ಹೆಂಗಸು ನಿಂತಿದ್ದಳು.

"ಅಜ್ಜಿ ಹೋಗಿಬಿಟ್ಳಪ್ಪ. ನಿನ್ನ ಹೆಂಡ್ತಿ ಅಲ್ಲೇ ಅದಾಳ, ಏಳು ಅಂದ್ರ ಏಳವಲ್ಲಳು. ಹೊಟ್ಯಾಗ ಕೂಸು ಇಟಗೊಂಡು ಹೆಣದ ಮುಂದ ಕುಂದರಬಾರದು. ನೀನರ ಹೇಳು."

ಪಕ್ಕದ ಮನೆ ಕತ್ತಲಾಗಿತ್ತು. ಪಡಸಾಲೆಯಲ್ಲಿ ಎರಡು ಎಣ್ಣೆಯ ದೀಪ ಮಾತ್ರ. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಮೈ ಬಿಗಿಯುವ ಮೊದಲೇ ಗೋಡೆಗೆ ಆನಿಸಿ ಕೂರಿಸುತ್ತಾರೆ. ಅಜ್ಜಿಯನ್ನು ಬಾಗಿಲಿಗೆ ಎದುರಾದ ಗೋಡೆಗೆ ಕೂರಿಸಿದ್ದರು. ಹಣೆಗೆ ವಿಭೂತಿ ಬಳಿದಿದ್ದರು. ತಲೆ ಬಾಗದಂತೆ ಬಿಳಿಯ ಬಟ್ಟೆ ಕಟ್ಟಿ ಮೇಲಿನ ಮೊಳೆಗೆ ಬಿಗಿದಿದ್ದರು. ಆಕೆಯ ತಲೆಯ ಮೇಲೆ ನಾನೇ ಹೊಡೆದ ಬೂಸ್ಟರ್ ಪೆಟ್ಟಿಗೆ ಇತ್ತು. ಅದರ ಕೆಂಪು ದೀಪ ಆರಿತ್ತು.

ಅಜ್ಜಿಯ ಮಗ ನನ್ನನ್ನು ಕಂಡು ಎದ್ದು ಬಂದ. ತಪ್ಪು ಮಾಡಿದವನಂತೆ ಮಾತಾಡಿದ.

"ಮೇನ್ ಆಫ್ ಮಾಡಬ್ಯಾಡ ಅಂದಿದ್ದಿ, ನೆನಪೈತಿ. ಆದ್ರ ಅವ್ವನ್ನ ಕುಂದ್ರಿಸಿದ ಮ್ಯಾಲೆ ಅದು ತಲಿ ಮ್ಯಾಲೇ ಗುಂಯ್ ಅನ್ನಾಕತ್ತಿತ್ತು. ಕೆಂಪು ದೀಪ ಬ್ಯಾರೆ. ನೋಡಾಕ ಆಗಲಿಲ್ಲೋ. ಫ್ಯೂಸ್ ಕಿತ್ತೆ."

ನಾನು ತಲೆಯಾಡಿಸಿದೆ. ನನ್ನ ಕಣ್ಣು ಹೆಂಡತಿಯನ್ನು ಹುಡುಕುತ್ತಿತ್ತು. ಆಕೆ ಅಜ್ಜಿಯ ಬಲಗಡೆ, ಕಂಬಕ್ಕೆ ಆತು ನೆಲದ ಮೇಲೆ ಕೂತಿದ್ದಳು. ಎರಡೂ ಕೈ ಹೊಟ್ಟೆಯ ಕೆಳಗೆ ಹಿಡಿದಿದ್ದಳು. ನಾನು ಹತ್ತಿರ ಹೋಗಿ ಕುಕ್ಕುರುಗಾಲಲ್ಲಿ ಕೂತೆ.

"ಕರದ್ರ ಮಾತಾಡಲಿಲ್ಲರಿ," ಎಂದಳು. "ಎಷ್ಟು ಸಲ ಕರದೆ. ಟಿವಿ ಮಾತ್ರ ಮಾತಾಡಾಕತ್ತಿತ್ತು. ಎದ್ದು ಬಂದು ನೋಡಿದ್ರ ಕುರ್ಚಿ ಮ್ಯಾಲೇ ಹೋಗ್ಯಾಳ. ಕಣ್ಣು ತೆಗೆದಿದ್ವು, ನಾನ ಮುಚ್ಚೀನಿ."

"ಆತು, ಏಳು. ಮನಿಗೆ ಹೋಗೂಣು."

ಆಕೆ ಸುತ್ತಲಿನ ಹೆಂಗಸರನ್ನು ನೋಡಿ, ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಏಳಾಕ ಆಗವಲ್ದು. ಕೆಳಗ ಭಾರ ಇಳದಂಗ ಆಗೈತಿ. ಎದ್ರ ಏನರ ಆಗತೈತೇನೋ ಅಂತ ಹಿಡಕೊಂಡು ಕುಂತೀನಿ. ಇವ್ರಿಗೆ ಹೇಳಬ್ಯಾಡ್ರಿ, ಅಜ್ಜಿ ಹೆಣದಿಂದನ ಹಿಂಗಾತು ಅಂತ ಆಕಿ ಹೆಸರು ಕೆಡಸತಾರ."

ಆಗ ನನಗೆ ಆದ ಹೆದರಿಕೆಯನ್ನು ಹೇಗೆ ಬರೆಯಬೇಕೋ ತಿಳಿಯದು. ಮುಟ್ಟಿದರೆ ಏನಾಗುತ್ತದೋ ಎಂದು ಆಕೆಯನ್ನು ಮುಟ್ಟಲಿಲ್ಲ. ಜನರೆಲ್ಲ ಸುತ್ತ ಇದ್ದರೂ ಯಾರನ್ನು ಕರೆಯಬೇಕೋ ಹೊಳೆಯಲಿಲ್ಲ. ಸತ್ತವಳ ಮುಖವೂ ಬದುಕಿರುವವಳ ಮುಖವೂ ಅದೇ ದೀಪದ ಬೆಳಕಿನಲ್ಲಿ ಒಂದೇ ಬಣ್ಣಕ್ಕೆ ಕಾಣುತ್ತಿದ್ದವು. ಡಾಕ್ಟರಮ್ಮ ಹೇಳಿದ ಮಾತು ನನ್ನೊಬ್ಬನಿಗೇ ಗೊತ್ತಿತ್ತು.

ಹೊರಗೆ ಭಾಯ್‌ರ ವ್ಯಾನು ನಿಂತ ಸದ್ದಾಯಿತು. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಅಜ್ಜಿಗೆ ಕೈ ಮುಗಿದು, ನನ್ನ ಮುಖ ನೋಡಿದರು.

"ಕುರ್ಚಿ ತರ್ರಿ ಒಂದು," ಎಂದರು.

ಅಜ್ಜಿ ಕೂತು ಟಿವಿ ನೋಡುತ್ತಿದ್ದ ಕುರ್ಚಿಯೇ ಹತ್ತಿರದಲ್ಲಿತ್ತು. ಎದುರು ಮನೆಯ ಹೆಂಗಸು, "ಅದ ಬ್ಯಾಡ್ರಿ, ಅದರ ಮ್ಯಾಲೇ ಜೀವ ಹೋಗೈತಿ" ಎಂದಳು. ಯಾರೂ ಅಲುಗಲಿಲ್ಲ. ಅಜ್ಜಿಯ ಮಗ ತಾನೇ ಆ ಕುರ್ಚಿಯನ್ನು ತಂದು ನನ್ನ ಹೆಂಡತಿಯ ಪಕ್ಕ ಇಟ್ಟ.

"ನಮ್ಮವ್ವ ಈಕಿಗೆ ದಿನಾ ಗಂಜಿ ಕುಡಸ್ಯಾಳ. ಕೇಡು ಮಾಡತಾಳೇನು? ಕುಂದ್ರಸ್ರಿ."

ಇಬ್ಬರು ಹೆಂಗಸರು ಆಕೆಯ ಕಂಕುಳಿಗೆ ಕೈ ಕೊಟ್ಟು ಕುರ್ಚಿಯಲ್ಲಿ ಕೂರಿಸಿದರು. ಒಂದು ಕಡೆ ನಾನು, ಒಂದು ಕಡೆ ಅಜ್ಜಿಯ ಮಗ, ಹಿಂದೆ ಭಾಯ್, ಮೂವರೂ ಕುರ್ಚಿಯನ್ನೇ ಎತ್ತಿದೆವು. ಸ್ವಂತ ತಾಯಿ ಗೋಡೆಗೆ ಕೂತಿರುವಾಗ ಅವನು ನನ್ನ ಹೆಂಡತಿಯನ್ನು ಹೊತ್ತು ಹೊಸ್ತಿಲು ದಾಟಿಸಿದ. ವ್ಯಾನಿನ ಹತ್ತಿರ ಬಂದಾಗ ಭಾಯ್‌ರನ್ನು ಕೇಳಿದ.

"ಫ್ಯೂಸ್ ಹಾಕಲೇನು? ಆ ಕಡಿ ಮಂದಿ ಕೂಟ ನೋಡಾಕ ಕಾಯಾಕತ್ತಿರತಾರ."

"ಇವತ್ತು ಬ್ಯಾಡಪ್ಪ. ನಿಮ್ಮವ್ವ ಆರಾಮ ಕುಂದರಲಿ."

ಆಸ್ಪತ್ರೆ ದೂರವಿರಲಿಲ್ಲ. ಭಾಯ್ ಗುಂಡಿ ತಪ್ಪಿಸಿ ತಪ್ಪಿಸಿ ಎಷ್ಟು ನಿಧಾನ ಓಡಿಸಿದರೆಂದರೆ ಸೈಕಲ್ಲಿನವರು ನಮ್ಮನ್ನು ದಾಟಿ ಹೋದರು. ನನ್ನ ಹೆಂಡತಿ ಕಣ್ಣು ಮುಚ್ಚಿದ್ದಳು. ಕಣ್ಣು ತೆಗೆ ಎಂದೆ. "ತೆಗೀತೀನಿ, ನೀವು ಕೈ ಸಡಲ ಬಿಡ್ರಿ, ನೋವಾಗತೈತಿ" ಎಂದಳು. ಆಕೆಯ ಮಣಿಕಟ್ಟನ್ನು ನಾನು ಅಷ್ಟು ಗಟ್ಟಿಯಾಗಿ ಹಿಡಿದಿದ್ದೆ.

ಡಾಕ್ಟರಮ್ಮ ಕೂಸಿನ ಎದೆಬಡಿತ ಕೇಳುವ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು ಕಿವಿ ಕೊಟ್ಟರು. ಒಂದು ಕಡೆ ಕೇಳಿದರು, ಜಾಗ ಬದಲಿಸಿದರು, ಮತ್ತೆ ಬದಲಿಸಿದರು. ಹಿಂದಿನ ಸಲವೂ ಹೀಗೆಯೇ ಜಾಗ ಬದಲಿಸಿ ಬದಲಿಸಿ ಕೊನೆಗೆ ಕೊಳವೆ ತೆಗೆದು ಪಕ್ಕಕ್ಕಿಟ್ಟಿದ್ದರು. ನಾನು ಅವರ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದೆ. ಫ್ಯಾನಿನ ಸದ್ದಿಗೆ ಕೇಳಿಸುತ್ತಿಲ್ಲವೆಂದು ಅದನ್ನು ಆರಿಸಲು ಹೇಳಿದರು. ಫ್ಯಾನು ತಿರುಗಿ ತಿರುಗಿ ನಿಂತ ಮೇಲೆ ಮತ್ತೆ ಕಿವಿ ಕೊಟ್ಟರು.

"ಐತಿ," ಎಂದರು ಡಾಕ್ಟರಮ್ಮ. "ಬಡಿಯಾಕತ್ತೈತಿ. ಆದ್ರ ನಾಳಿ ತನಕ ಇಲ್ಲೇ ಇರಲಿ."

ನನ್ನ ತಾಯಿ ಕೂಟ ಮುಗಿಸಿ, ಸುದ್ದಿ ತಿಳಿದು ಓಡಿ ಬಂದಳು. ಮೊದಲು ನನ್ನನ್ನು ಬೈದಳು, ಆಮೇಲೆ ತನ್ನನ್ನೇ ಬೈದುಕೊಂಡಳು. ಸೊಸೆಗೆ ಒಂದು ಮಾತೂ ಅನ್ನಲಿಲ್ಲ. ನಾನು ಬೆಳಗಿನ ತನಕ ಮಂಚದ ಪಕ್ಕ ಕೂತಿದ್ದೆ. ಆಕೆ ನಿದ್ದೆಯಲ್ಲಿ ಉಸಿರು ಎಳೆದಾಗ ನಾನೂ ಎಳೆಯುತ್ತಿದ್ದೆ. ಒಂದು ಉಸಿರು ತಡವಾದರೆ ಎದ್ದು ಬಗ್ಗಿ ನೋಡುತ್ತಿದ್ದೆ. ಕೊನೆಯ ಓಣಿಗಳವರಿಗೆ ಪ್ರಸಂಗ ಅರ್ಧಕ್ಕೇ ನಿಂತುಹೋಗಿತ್ತು. ಅದರ ಬಗ್ಗೆ ಒಬ್ಬರೂ ಕಂಪ್ಲೇಂಟು ಮಾಡಲಿಲ್ಲ.

ಮರುದಿನ ಮಧ್ಯಾಹ್ನ ಭಾಯ್‌ರ ವ್ಯಾನಿನಲ್ಲೇ ಮನೆಗೆ ಹೊರಟೆವು. ನನ್ನ ತಾಯಿ ಸೊಸೆಯ ಪಕ್ಕ ಕೂತಿದ್ದಳು, ನಾನು ಮುಂದೆ. ನಮ್ಮ ಓಣಿಯ ತಿರುವಿನಲ್ಲಿ ಭಜನೆ ಕೇಳಿಸಿತು. ಅಜ್ಜಿಯನ್ನು ಮಣ್ಣಿಗೆ ಒಯ್ಯುತ್ತಿದ್ದರು. ಬಾಳೆಕಂಬ, ಹೂವು ಕಟ್ಟಿ ಹೆಗಲ ಮೇಲೆ ಹೊರುವ ವಿಮಾನವೆಂಬ ಮಂಟಪದಲ್ಲಿ ಆಕೆ ಕೂತೇ ಬರುತ್ತಿದ್ದಳು. ಹೊತ್ತವರ ಹೆಜ್ಜೆಗೆ ಒಂದಿಷ್ಟು ಅಲುಗುತ್ತಿದ್ದಳು. ಭಾಯ್ ವ್ಯಾನನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದರು.

"ನೋಡಬ್ಯಾಡಬೇ," ಎಂದು ನನ್ನ ತಾಯಿ ಸೆರಗನ್ನು ಸೊಸೆಯ ಕಣ್ಣಿಗೆ ಅಡ್ಡ ಹಿಡಿದಳು. "ಬಸುರಿ ನೋಡಬಾರದು."

ಅದು ಸುಳ್ಳು ನಂಬಿಕೆ ಎಂದು ಚರ್ಚಿನಲ್ಲಿ ಎಷ್ಟೋ ಸಲ ಕೇಳಿದವಳು ನನ್ನ ತಾಯಿ. ನಾನೂ ಕೇಳಿದ್ದೆ. ಆದರೂ ಆಕೆ ಸೆರಗು ಹಿಡಿದದ್ದು ನನಗೆ ಸರಿಯೆನ್ನಿಸಿತು. ಇನ್ನೂ ಎರಡು ಗೇಣು ಎತ್ತರಕ್ಕೆ ಹಿಡಿಯಲಿ ಅನ್ನಿಸಿತು. ಮಗಳು ಹುಟ್ಟುವುದಕ್ಕೆ ಇನ್ನೂ ಎಷ್ಟೋ ವಾರಗಳಿದ್ದವು. ಆ ವಾರಗಳಲ್ಲೆಲ್ಲ ನಾನು ಹೀಗೆ ಹೆದರಿಯೇ ಇದ್ದೆ.

ನನ್ನ ಹೆಂಡತಿ ಅತ್ತೆಯ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. "ಇರಲಿ ಬಿಡ್ರಿ ಅತ್ತಿ, ನೋಡತೀನಿ," ಎಂದು ಕಿಟಕಿಯ ಗಾಜು ಸರಿಸಿದಳು. ಲಿಂಗಾಯತರು ಸುಡದೆ ಹೂಳುವುದರಿಂದ ಅಜ್ಜಿಯ ಮಗ ಮುಂದೆ ಬೆಂಕಿಯ ಬದಲು ನೀರಿನ ತಂಬಿಗೆ ಹಿಡಿದು ನಡೆಯುತ್ತಿದ್ದ. ಆಕೆಯನ್ನು ಕಂಡು ಒಂದು ಕ್ಷಣ ನಿಂತು, ಮತ್ತೆ ಹೆಜ್ಜೆ ಹಾಕಿದ. ವಿಮಾನ ನಮ್ಮ ಪಕ್ಕದಲ್ಲೇ ದಾಟಿತು. ಎಲ್ಲರೂ ಅಜ್ಜಿಯನ್ನು ನೋಡುತ್ತಿದ್ದರು. ನಾನು ಹಿಂದಕ್ಕೆ ತಿರುಗಿ ನನ್ನ ಹೆಂಡತಿಯ ಮುಖವನ್ನೇ ನೋಡುತ್ತಿದ್ದೆ. ಆಕೆ ಅಳುತ್ತಿದ್ದಳು, ಮೂಗು ಒರೆಸಿಕೊಳ್ಳುತ್ತಿದ್ದಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಳು. ಭಜನೆ ದೂರವಾದ ಮೇಲೆ ಭಾಯ್ ಇಂಜಿನ್ ಶುರು ಮಾಡಿದರು. ಆವತ್ತು ಆಕೆಯನ್ನು ಮನೆಗೆ ಕರೆದುಕೊಂಡು ಬಂದೆ.